ತಪ್ಪಿದ ಸೆಕ್ಟರ್

ಒಂಬತ್ತನೇ ತರಗತಿಯಲ್ಲಿ ನನ್ನ ಆರನೇ ಗಣಿತ ಪಾಠ ಮುಗಿದಾಗ ಮಾರ್ಗದರ್ಶಕರು ವೀಕ್ಷಣಾ ನಮೂನೆಯಲ್ಲಿ ಒಂದೇ ಸಾಲು ಬರೆದಿದ್ದರು: “ಪ್ರಶ್ನೆ ಕೇಳಿದ ಮೇಲೆ ಬಿಡುವು ಕೊಡುತ್ತಿಲ್ಲ.” ನನಗೆ ಬೇಸರವಾಯಿತು. ಪಾಠ ಯೋಜನೆಯನ್ನು ಅವಧಿಯೊಳಗೆ ಪೂರ್ತಿ ಮುಗಿಸಿದ್ದೆನಲ್ಲ! ಹಿಂದುಳಿಯುತ್ತಿದ್ದವಳು ಮೂರನೇ ಬೆಂಚಿನ ಒಬ್ಬ ಹುಡುಗಿ ಮಾತ್ರ. ಹಲಗೆಯ ಮೇಲಿನ ಒಂದು ಲೆಕ್ಕ ಅವಳು ಬರೆದುಕೊಳ್ಳುವಷ್ಟರಲ್ಲಿ ನಾನು ಮುಂದಿನದಕ್ಕೆ ಹೋಗಿರುತ್ತಿದ್ದೆ. ಅವಳ ಹೆಸರಿನ ಮುಂದೆ ‘ನಿಧಾನ ಕಲಿಕೆ’ ಎಂದು ಗುರುತು ಹಾಕಿಕೊಂಡಿದ್ದೆ.

ನನಗೆ ಹಳೆಯ ಕಂಪ್ಯೂಟರುಗಳ ಹುಚ್ಚು. ಆ ವಾರ ರಾತ್ರಿ ಹೊತ್ತು ಲ್ಯಾಪ್‌ಟಾಪಿನ ಎಮ್ಯುಲೇಟರಿನಲ್ಲಿ ಆಪಲ್ 2 ಕಂಪ್ಯೂಟರಿನ 1980ರ ತಂತ್ರಾಂಶ ಡಾಸ್ 3.3 ಅನ್ನು ತಿದ್ದುತ್ತಿದ್ದೆ. ಅದರ ಫ್ಲಾಪಿಯಲ್ಲಿ 35 ಟ್ರ್ಯಾಕ್, ಪ್ರತಿ ಟ್ರ್ಯಾಕಿಗೆ 16 ಸೆಕ್ಟರ್, ಪ್ರತಿ ಸೆಕ್ಟರಿಗೆ 256 ಬೈಟ್. ಫ್ಲಾಪಿ ಸೆಕೆಂಡಿಗೆ 5 ಸುತ್ತು ತಿರುಗುತ್ತದೆ. ಡಾಸ್ ಒಂದು ಸೆಕ್ಟರನ್ನು ಮೊದಲು ತಾತ್ಕಾಲಿಕ ಜಾಗಕ್ಕೆ ಓದಿಕೊಂಡು, ಅಲ್ಲಿಂದ ಒಂದೊಂದೇ ಬೈಟನ್ನು ಮೆಮೊರಿಯ ಸರಿಯಾದ ಸ್ಥಳಕ್ಕೆ ಸಾಗಿಸುತ್ತದೆ. ಅಷ್ಟರಲ್ಲಿ ಮುಂದಿನ ಸೆಕ್ಟರ್ ಹೆಡ್ಡಿನ ಕೆಳಗೆ ಹಾದುಹೋಗಿರುತ್ತದೆ. ಕ್ಷಣ ತಡವಾದರೂ ದಂಡ ಒಂದಿಡೀ ಸುತ್ತು! ಸುತ್ತಿಗೊಂದೇ ಸೆಕ್ಟರ್ ಸಿಕ್ಕರೆ ಒಂದು ಟ್ರ್ಯಾಕಿಗೆ 3.2 ಸೆಕೆಂಡ್ ಬೇಕು. ಎರಡು ಸುತ್ತಿನಲ್ಲಿ ಮುಗಿದರೆ 0.4 ಸೆಕೆಂಡ್ ಸಾಕು.

ಇದಕ್ಕೆ ಪರಿಹಾರ ತಂತ್ರಾಂಶದಲ್ಲೇ ಇತ್ತು. ಬಿಲ್ ಬಾಶಮ್ ಅವರ ಡೈವರ್ಸಿ-ಡಾಸ್‌ನಂಥವು ಸಾಗಣೆಯ ಕೆಲಸವನ್ನು ಚುರುಕುಗೊಳಿಸಿದವು. ಇನ್ನೊಂದು ದಾರಿ, ಯಾವ ಸೆಕ್ಟರ್ ಎಲ್ಲಿ ಕೂರಬೇಕೆಂದು ಹೇಳುವ 16 ಬೈಟುಗಳ ಕೋಷ್ಟಕವನ್ನು ಬದಲಿಸಿ, ಒಂದರ ನಂತರದ್ದನ್ನು ಸ್ವಲ್ಪ ದೂರ ಇಡುವುದು. ಎರಡರಲ್ಲೂ ಮೋಟಾರಿನ ವೇಗ ಮೊದಲಿನಷ್ಟೇ.

ಇದನ್ನೇ ಏಳನೇ ಪಾಠಕ್ಕೆ ತಂದೆ. ರಟ್ಟಿನ ಚಕ್ರದಲ್ಲಿ 16 ಮನೆ ಮಾಡಿ, ಮನೆಗೊಂದು ನಾಲ್ಕಂಕಿಯ ಸಂಖ್ಯೆ ಬರೆದೆ. ಒಂದು ಮನೆ ಮಾತ್ರ ಕಾಣುವಂತೆ ಕಿಟಕಿ ಕತ್ತರಿಸಿ ಮೇಲೆ ಮುಚ್ಚಿದೆ. ಅರ್ಧ ನಿಮಿಷಕ್ಕೊಂದು ಸುತ್ತಿನಂತೆ ನಾನು ತಿರುಗಿಸುತ್ತೇನೆ. ಒಬ್ಬರು ನೋಡಿ ಕ್ರಮವಾಗಿ ಬರೆಯಬೇಕು. ಬರೆಯಲು ಆ ಹುಡುಗಿಯನ್ನೇ ಕರೆದೆ. ಐದು ಸುತ್ತಿಗೆ ಐದೇ ಸಂಖ್ಯೆ. ಮಕ್ಕಳು ನಕ್ಕರು. ಅವಳು ಮಾತ್ರ ಚಕ್ರವನ್ನೇ ನೋಡುತ್ತ, “ಸರ್, ಮುಂದಿನದನ್ನ ಪಕ್ಕದ ಮನೇಲೇ ಯಾಕಿಡ್ಬೇಕು? ಎರಡು ಮನೆ ಬಿಟ್ಟು ಇಡಿ,” ಎಂದಳು.

ಇಟ್ಟೆವು. ಮೂರು ಸುತ್ತು ಮುಗಿಯುವುದರೊಳಗೆ 16 ಸಂಖ್ಯೆಗಳೂ ಅವಳ ಪುಸ್ತಕದಲ್ಲಿದ್ದವು. ಒಂದೇ ಮನೆ ಬಿಟ್ಟರೆ ಒಂಬತ್ತನೆಯದು ಮೊದಲನೆಯದರ ಮನೆಗೇ ಬಂದು ಬೀಳುತ್ತದೆ ಎಂಬುದನ್ನೂ, 3 ಮತ್ತು 16 ಸಹ ಅವಿಭಾಜ್ಯಗಳಾದ್ದರಿಂದ ಎರಡು ಬಿಟ್ಟಾಗ ಯಾವ ಮನೆಯೂ ಖಾಲಿ ಉಳಿಯುವುದಿಲ್ಲ ಎಂಬುದನ್ನೂ ತರಗತಿಯೇ ಕಂಡುಕೊಂಡಿತು.

ನಾನು ಚಕ್ರ ತಿರುಗಿಸುವ ವೇಗವನ್ನು ಬದಲಿಸಿರಲಿಲ್ಲ. ಅವಳೂ ಬೇಗ ಬರೆದಿರಲಿಲ್ಲ. ಹಾಗಾದರೆ ಆರು ಪಾಠಗಳಲ್ಲಿ ನಿಧಾನವಾಗಿದ್ದದ್ದು ಯಾರು? ಪ್ರಶ್ನೆಯ ಬೆನ್ನಿಗೇ ಪ್ರಶ್ನೆ ಇಡುತ್ತಿದ್ದವನು ನಾನು. ಒಮ್ಮೆ ತಪ್ಪಿಸಿಕೊಂಡವಳು ಇಡೀ ಸುತ್ತು ಕಾಯಬೇಕಿತ್ತು, ನನ್ನ ಪಾಠದಲ್ಲಿ ಆ ಎರಡನೇ ಸುತ್ತೂ ಬರುತ್ತಿರಲಿಲ್ಲ. ಶಿಕ್ಷಕರು ಪ್ರಶ್ನೆಯ ನಂತರ ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಉತ್ತರಗಳು ದೀರ್ಘವಾಗುತ್ತವೆ ಎಂಬ ಮೇರಿ ಬಡ್ ರೋ ಅವರ ಸಂಶೋಧನೆಯನ್ನು ಓದಿ ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಆದರೆ ಒಂದು ತೊಡಕಿದೆ. ಕೋಷ್ಟಕ ಬದಲಿಸಿದ ನನ್ನ ಡಾಸ್ ಹಳೆಯ ಡಿಸ್ಕುಗಳನ್ನು ಸರಿಯಾಗಿ ಓದಲಿಲ್ಲ. ಎಂಟನೇ ಪಾಠದಲ್ಲಿ ನಾನು ಕಾದಾಗಲೂ ಬೇಗ ಮುಗಿಸುವ ಮೊದಲ ಬೆಂಚಿನವರು ಗದ್ದಲ ಎಬ್ಬಿಸಿದರು. ಒಬ್ಬರಿಗೆ ಹೊಂದುವ ಅಂತರ ಎಲ್ಲರಿಗೂ ಹೊಂದುವುದಿಲ್ಲ. ಈಗ ಪ್ರತಿ ಪ್ರಶ್ನೆಗೂ ಎಲ್ಲರೂ ಮೊದಲು ಉತ್ತರ ಬರೆಯುತ್ತಾರೆ, ಆಮೇಲೆ ಕೈ ಎತ್ತುತ್ತಾರೆ. ಬೇಗ ಮುಗಿಸಿದವರು ಇನ್ನೊಂದು ವಿಧಾನ ಹುಡುಕುತ್ತಾರೆ. ಪಾಠ ಯೋಜನೆಯ ಕೊನೆಯ ಲೆಕ್ಕ ಕೆಲವೊಮ್ಮೆ ಉಳಿದುಬಿಡುತ್ತದೆ.

ಆ ಹುಡುಗಿಯ ಹೆಸರಿನ ಮುಂದಿನ ಗುರುತನ್ನು ಅಳಿಸಿದ್ದೇನೆ.