ಅಂಗಳದಲ್ಲಿ ಬರೆದ ಮನೆ

ಗೋಕಾಕದ ಜಲಪಾತವನ್ನು ನೀವೂ ನೋಡಿರಬಹುದು. ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತಾಳೆ. ಅದನ್ನು ಕಣ್ತುಂಬ ನೋಡಿ, ಕರದಂಟಿನ ಪೊಟ್ಟಣ ಹಿಡಿದು ನಾವು ಹಿಂದಿರುಗಿಬಿಡುತ್ತೇವೆ. ಈ ಸಲ ಹೊಳೆಯ ಜೊತೆ ಇನ್ನೂ ಸ್ವಲ್ಪ ಮುಂದೆ ಬನ್ನಿ. ಮೊದಲು ಗೋಕಾಕಕ್ಕೇ ಸೇರಿದ್ದ, ಈಗ ತಾನೇ ಒಂದು ತಾಲ್ಲೂಕಾಗಿರುವ ಮೂಡಲಗಿಯ ಕಡೆ, ಹೊಳೆದಂಡೆಯ ಹಳ್ಳಿಯೊಂದರಲ್ಲಿ ನನ್ನ ನಾದಿನಿಯ ಮನೆಯಿದೆ.

2019ರ ಆಗಸ್ಟ್‌ನಲ್ಲಿ ಹಿಡಕಲ್ ಜಲಾಶಯ ತುಂಬಿ, ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳೂ ಉಕ್ಕಿ, ಗೋಕಾಕ ಪೇಟೆಯೊಳಗೇ ನೀರು ನುಗ್ಗಿತ್ತು. ನಾದಿನಿಯ ಹಳೆಯ ಮಾಳಿಗೆಮನೆಗೆ ಮಣ್ಣಿನ ಗೋಡೆ. "ವೈನಿ, ಹೊಳಿ ಬಂದಾಗ ಮನಿ ನಿಂತಿತ್ತರೀ. ನೀರ ಇಳದ ಮ್ಯಾಲ ಕೂತಬಿಡ್ತು" ಎಂದು ಅತ್ತಳು. ನೆನೆದ ಹಸಿಮಣ್ಣು ತನ್ನ ಭಾರವನ್ನೇ ತಾಳಲಾರದು.

ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಗೊತ್ತುಮಾಡಿತು. ಮನೆಯ ಗಂಡಸರು ತೆಳ್ಳಗಿನ ಸಿಮೆಂಟ್ ಗೋಡೆ, ಮೇಲೆ ಪತ್ರಾಸ್ ಎಂದರು. ಒಂದು ಬೇಸಿಗೆಯನ್ನು ಪತ್ರಾಸ್ ಶೆಡ್ಡಿನಲ್ಲಿ ಬೆಂದು ಕಳೆದಿದ್ದ ಈಕೆ, "ಅದರೊಳಗ ಕುಂತು ರೊಟ್ಟಿ ಬಡಿಯಾಕಿ ಯಾರು?" ಎಂದು ಕೇಳಿದಳು. ಯಾರೂ ಮಾತಾಡಲಿಲ್ಲ.

ಅದೇ ದಿನಗಳಲ್ಲಿ ಮದುವೆಗೆಂದು ಹುಕ್ಕೇರಿಗೆ ಹೋಗಿದ್ದೆವು. ಅಲ್ಲಿನ ಹಳೆಯ ಗುಮ್ಮಟದೊಳಗೆ ಕಾಲಿಟ್ಟರೆ ಹೊರಗಿನ ಬಿಸಿಲೇ ಮರೆಯುತ್ತದೆ. ದಪ್ಪ ಗೋಡೆ, ಎತ್ತರದ ಚಾವಣಿ. ನಾದಿನಿ ಗೋಡೆ ಮುಟ್ಟಿ ನೋಡಿದಳು. "ನಮ್ಮ ಹಳೀ ಮನಿನೂ ಹಿಂಗ ತಂಪಿತ್ತಲ್ಲರೀ" ಎಂದಳು.

ಹಾಗಾಗಿ ಹಳೆಯದರಲ್ಲಿ ಕೆಟ್ಟದ್ದನ್ನು ಬಿಟ್ಟು, ಒಳ್ಳೆಯದನ್ನು ಉಳಿಸಿಕೊಂಡರು. ನೀರು ಮುಟ್ಟದಿದ್ದ ಎತ್ತರದ ಜಾಗ ಆರಿಸಿದರು. ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದಕ್ಕೇ ಗಟ್ಟಿ ಗರಸು ಸಿಗುವವರೆಗೆ ಅಗೆದು ಕಲ್ಲಿನ ಬುನಾದಿ ಹಾಕಿ, ಕಟ್ಟೆ ಎತ್ತರಿಸಿದರು. ಗೋಡೆಗೆ ಒತ್ತಿದ ಮಣ್ಣಿನ ಇಟ್ಟಿಗೆ: ಕೆಂಪುಮಣ್ಣು, ಮರಳು, ನೂರಕ್ಕೆ ಏಳೆಂಟು ಪಾಲು ಸಿಮೆಂಟ್. ಮೂರು ವಾರ ನೀರುಣಿಸಿದರೆ ಸಾಕು, ಭಟ್ಟಿಯಲ್ಲಿ ಸುಡಬೇಕಿಲ್ಲ, ಸೌದೆಯೂ ಉಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಬೆಳೆಸಿದ ವಿದ್ಯೆಯಿದು. ಹೊಗೆಯನ್ನು ಕೊಳವೆಯಿಂದ ಹೊರಗಟ್ಟುವ ಅಸ್ತ್ರ ಒಲೆಯೂ ಅವರದೇ. ಚಾವಣಿಗೆ ಮಾತ್ರ ಸಿಮೆಂಟ್ ಸ್ಲ್ಯಾಬ್. ಬಿಸಿಲು ತಡೆಯಲು ವರ್ಷಕ್ಕೊಮ್ಮೆ ಅದರ ಮೇಲೆ ಸುಣ್ಣ ಬಳಿಯುತ್ತಾರೆ. ಅಜ್ಜಿಯ ಕಾಲದ ಪಡಸಾಲೆ, ಅಡುಗೆಮನೆಯ ಬೆಳಕಿಂಡಿ ಹಾಗೇ ಉಳಿದವು.

ಎಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಬೇರೆ. ಬುನಾದಿ ತೋಡುವ ಮುನ್ನ ನಾದಿನಿ ಖಾಲಿ ಜಾಗದಲ್ಲಿ ರಂಗೋಲಿ ಪುಡಿಯಿಂದಲೇ ಅಡುಗೆಮನೆ ಬರೆದಳು. ಅದರೊಳಗೆ ಕೊಣಮಿಗೆ ಇಟ್ಟುಕೊಂಡು ಕೂತು, ಒಲೆ ಕೈಗೆಟಕುತ್ತದೆಯೇ, ಕೊಡ ಹೊತ್ತು ಬರಲು ಬಾಗಿಲು ಸಾಲುತ್ತದೆಯೇ ನೋಡಿದಳು. ಎರಡು ಸಲ ಅಳಿಸಿ ಬರೆದಳು. ಆಮೇಲೆ ಗೌಂಡಿಯನ್ನು ಕರೆದು, "ಇದರ ಮ್ಯಾಲ ಕಟ್ಟಪಾ" ಎಂದಳು.

ನೀವೂ ಮನೆ ಕಟ್ಟಿಸುವಾಗ ಹೀಗೇ ಮಾಡಿ. ರಂಗೋಲಿ ಗೆರೆಯನ್ನು ಎಷ್ಟು ಸಲವಾದರೂ ಅಳಿಸಬಹುದು. ಗೋಡೆ ಎದ್ದ ಮೇಲೆ ಹೇಳಿದರೆ ಯಾರು ಕೇಳುತ್ತಾರೆ?