ಒಂಬತ್ತನೇ ಕಾಲಮ್ಮಿನ ರೈತ

ಕುಂದಾಪುರದ ಕಡೆ ಯಾರನ್ನಾದರೂ ನಿಲ್ಲಿಸಿ 'ನಿಮ್ಮ ಉದ್ಯೋಗ ಏನು' ಎಂದು ಕೇಳಿ ನೋಡಿ. ಅರುವತ್ತು ಸೆಂಟ್ಸ್ ಗದ್ದೆ, ಮನೆಯ ಹಿಂದೆ ಅಡಿಕೆ ತೋಟ, ಹಟ್ಟಿಯಲ್ಲಿ ಎರಡು ದನ, ತೋಡಿನ ಬದಿಯಲ್ಲೊಂದು ಪಂಪುಸೆಟ್ಟು ಇರುವವರೂ ತಮ್ಮನ್ನು ರೈತ ಎಂದುಕೊಳ್ಳುವುದಿಲ್ಲ. "ಎಂತ ಇಲ್ಲೆ ಮಾರಾಯ್ರೆ, ಮನೆಲೇ ಇಪ್ಪುದ್. ಮಗ ಬೆಂಗ್ಳೂರಲ್ ಹೋಟ್ಲ್ ಮಾಡ್ಕಂಡ್ ಇದ್ದ" ಎಂದು ಮಗನ ಉದ್ಯೋಗವನ್ನೇ ತಮ್ಮದಾಗಿ ಹೇಳಿ ಮುಗಿಸುತ್ತಾರೆ. ರೈತ ಎಂದರೆ ಹಸಿರು ಶಾಲು ಹೊದ್ದು ಬಯಲುಸೀಮೆಯಲ್ಲಿ ಹೆದ್ದಾರಿ ತಡೆಯುವವನು ಎಂಬ ಭಾವನೆ ನಮ್ಮದು. ನಮ್ಮ ಬೇಸಾಯ ಅಂಗಳದಿಂದ ಇಳಿದರೆ ಸಿಗುವಂಥದ್ದು. ಅದಕ್ಕೆ ಉದ್ಯೋಗ ಎಂಬ ದೊಡ್ಡ ಹೆಸರು ಯಾಕೆ?

ಹೀಗೆ ರೈತರೇ ಇಲ್ಲದ ಊರಿನಲ್ಲಿ, ರೈತ ಗುರುತಿನ ಸಂಖ್ಯೆ ಇಲ್ಲದವರಿಗೆ ಸವಲತ್ತು ಇಲ್ಲ ಎಂದು ಗೊತ್ತಾದದ್ದೇ ತಡ, ರೈತ ಸಂಪರ್ಕ ಕೇಂದ್ರಗಳ ಮೆಟ್ಟಿಲಲ್ಲಿ ಚಪ್ಪಲಿ ಬಿಡಲು ಜಾಗವಿಲ್ಲ. ಕುಂದಾಪುರ, ವಂಡ್ಸೆ, ಬೈಂದೂರು, ಕೋಟ, ಬ್ರಹ್ಮಾವರ, ಯಾವ ಹೋಬಳಿಗೆ ಹೋದರೂ ಅದೇ ನೋಟ. ನಿವೃತ್ತ ಮೇಷ್ಟ್ರು, ಮೀನಿನ ವ್ಯಾಪಾರದವರು, ಯಕ್ಷಗಾನ ಮೇಳದಿಂದ ಮಳೆಗಾಲಕ್ಕೆ ಮನೆಗೆ ಬಂದ ಕಲಾವಿದರು, ಮುಂಬೈಯಿಂದ ರಜೆಯಲ್ಲಿ ಬಂದ ಧಣಿಗಳು ಎಲ್ಲರೂ ರೈತರೇ.

ಗುರುತಿನ ಕಾರ್ಡು ಎಂದು ಜನ ಹೇಳುತ್ತಾರಾದರೂ ಅಸಲಿಗೆ ಅದೊಂದು ಸಂಖ್ಯೆ. ರಾಜ್ಯ ಸರ್ಕಾರದ 'ಫ್ರೂಟ್ಸ್' ತಂತ್ರಾಂಶದಲ್ಲಿ ನಿಮ್ಮ ಆಧಾರ್, ಬ್ಯಾಂಕ್ ಖಾತೆ, ಜಾತಿಯ ವಿವರ, ಪಹಣಿಯ ಸರ್ವೆ ನಂಬರುಗಳನ್ನು ಒಟ್ಟಿಗೆ ಕಟ್ಟಿದರೆ 'ಎಫ್‌ಐಡಿ' ಎಂಬ ಮೂರಕ್ಷರದ ಬೆನ್ನಿಗೆ ಅಂಕೆಗಳ ಒಂದು ಸಾಲು ಹುಟ್ಟುತ್ತದೆ. ಅಷ್ಟೇ. ಆದರೆ ಸಂಖ್ಯೆಯನ್ನು ಕೈಯಲ್ಲಿ ಹಿಡಿಯಲು ಬರುವುದಿಲ್ಲವಲ್ಲ! ಅದನ್ನು ಬರೆದ ಹಾಳೆಯನ್ನು ಜೆರಾಕ್ಸ್ ಅಂಗಡಿಗೆ ಒಯ್ದು, ಲ್ಯಾಮಿನೇಶನ್ ಮಾಡಿಸಿ, ರೇಷನ್ ಕಾರ್ಡು ಮತ್ತು ವೋಟರ್ ಕಾರ್ಡಿನ ಜೊತೆ ಅದೇ ಹಳೆಯ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿದ ಮೇಲೆಯೇ ನಮ್ಮವರಿಗೆ ಸಮಾಧಾನ.

ಈ ಅಂಕೆಗಳ ಸಾಲನ್ನು ಕೇಳದ ಕೌಂಟರು ಈಗ ಇಲ್ಲ. ಮುಂಗಾರಿಗೆ ಮೊದಲು ಎಂ.ಒ.4 ಬಿತ್ತನೆ ಬೀಜ ತರಲು ಹೋದರೆ ಎಫ್‌ಐಡಿ. ಟಿಲ್ಲರಿಗೆ ಸಬ್ಸಿಡಿ ಬೇಕೆಂದರೆ ಎಫ್‌ಐಡಿ. ಬೆಂಬಲ ಬೆಲೆಗೆ ಭತ್ತ ಕೊಡುವುದಾದರೂ ಎಫ್‌ಐಡಿ. (ಇದು ನಮಗೆ ಅಷ್ಟಾಗಿ ತಾಗುವುದಿಲ್ಲ, ಖರೀದಿ ಕೇಂದ್ರ ಬಾಗಿಲು ತೆರೆಯುವ ಹೊತ್ತಿಗೆ ಕರಾವಳಿಯ ಭತ್ತ ಮಿಲ್ಲು ಸೇರಿ ಆಗಿರುತ್ತದೆ.) 2023ರ ಬರಗಾಲದಲ್ಲಿ ರಾಜ್ಯ ಸರ್ಕಾರ ಮೊದಲ ಕಂತಾಗಿ 2,000 ರೂಪಾಯಿವರೆಗೆ ಕೊಟ್ಟಾಗ ಆಧಾರವಾಗಿ ಇಟ್ಟುಕೊಂಡದ್ದು ಫ್ರೂಟ್ಸ್ ಪಟ್ಟಿಯನ್ನೇ. ಮೇಲಿನಿಂದ ಕೇಂದ್ರದ್ದೂ ಬಂತು: 2024ರ ಸೆಪ್ಟೆಂಬರ್ 2ರಂದು ಸಂಪುಟ ಒಪ್ಪಿದ ಡಿಜಿಟಲ್ ಕೃಷಿ ಮಿಷನ್, 2,817 ಕೋಟಿ ರೂಪಾಯಿಯದ್ದು, ದೇಶದ 11 ಕೋಟಿ ರೈತರಿಗೆ ಡಿಜಿಟಲ್ ಗುರುತು ಕೊಡುವ ಗುರಿಯದ್ದು. ಆಧಾರ್ ಮನುಷ್ಯನಿಗೆ ಆದರೆ ಇದು ಮನುಷ್ಯನ ಒಳಗಿನ ರೈತನಿಗೆ.

ನೋಂದಣಿ ಕಷ್ಟವೇನಲ್ಲ ಎಂದು ಇಲಾಖೆಯವರು ಹೇಳುವುದು ಸುಳ್ಳಲ್ಲ. ಕಷ್ಟ ಇರುವುದು ನಮ್ಮ ಬೆರಳುಗಳಲ್ಲಿ. ಐವತ್ತು ವರ್ಷ ಅಡಿಕೆ ಸುಲಿದ, ನೇಜಿ ನೆಟ್ಟ, ತೆಂಗಿನ ಮಡಲು ಹೆಣೆದ ಹೆಬ್ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಯಂತ್ರದ ಮೇಲೆ ಬೆರಳಿಟ್ಟ ಅಜ್ಜಿಗೆ ಹುಡುಗ "ಗಟ್ಟಿ ಒತ್ತಿ ಅಮ್ಮ" ಅನ್ನುತ್ತಾನೆ. "ಒತ್ತಿದ್ನಲೆ ಮಗಾ, ಇನ್ನೆಷ್ಟ್ ಒತ್ತೂದ್?" ಎಂದು ಅಜ್ಜಿ ಬೆರಳನ್ನು ಸೆರಗಿಗೆ ಉಜ್ಜಿ ಮತ್ತೆ ಇಡುತ್ತಾರೆ. ಬೇಸಾಯ ಮಾಡದವರ ಬೆರಳು ಒಂದೇ ಸಲಕ್ಕೆ ಪಾಸಾಗುತ್ತದೆ, ಮಾಡಿದವರದ್ದು ಫೇಲು. ರೈತನೋ ಅಲ್ಲವೋ ಎಂದು ಪರೀಕ್ಷಿಸಲು ಈ ಯಂತ್ರವನ್ನು ತಿರುವುಮುರುವಾಗಿ ಬಳಸಿದರೆ ಹೆಚ್ಚು ಸರಿಯಾದ ಪಟ್ಟಿ ಸಿಗಬಹುದು ಎಂದು ನನಗೆ ಅನ್ನಿಸಿದ್ದುಂಟು.

ಬೆರಳು ಕೈಕೊಟ್ಟರೆ ಒಟಿಪಿ ಇದೆ. ಆಧಾರಿಗೆ ಜೋಡಿಸಿದ ಮೊಬೈಲು ಮಾತ್ರ ಊರಲ್ಲಿಲ್ಲ, ಅಂಧೇರಿಯಲ್ಲಿ ಮಗನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲಿದೆ. ಕೇಂದ್ರದ ಜಗುಲಿಯಿಂದ ಅಪ್ಪಯ್ಯ ಫೋನು ಹಚ್ಚುತ್ತಾರೆ. "ಮಗಾ, ನಿಂಗೆ ಒಂದ್ ನಂಬ್ರ ಬತ್ತ್ ಅಂಬ್ರ್, ಬೇಗ ಹೇಳ್." ಅಲ್ಲಿ ಮಧ್ಯಾಹ್ನದ ಊಟದ ಗದ್ದಲ. "ಗಿರಾಕಿ ಇದ್ರ್ ಅಪ್ಪಯ್ಯ, ಕಡಿಗೆ ಹೇಳ್ತೆ" ಎನ್ನುವಷ್ಟರಲ್ಲಿ ಒಟಿಪಿಯ ಆಯುಷ್ಯ ಮುಗಿದಿರುತ್ತದೆ. ಎರಡನೆಯದು ಬಂದಾಗ ಮಗ ಮುಂಬೈಯಿಂದ ಕೂಗಿ ಹೇಳುತ್ತಾನೆ, ಅಪ್ಪಯ್ಯ ಕುಂದಾಪುರದಲ್ಲಿ ಇನ್ನೂ ಗಟ್ಟಿಯಾಗಿ ಕೂಗುತ್ತಾರೆ. 'ಒಟಿಪಿಯನ್ನು ಯಾರಿಗೂ ಹೇಳಬೇಡಿ' ಎಂದು ಬ್ಯಾಂಕಿನವರು ಅಂಟಿಸಿದ ಚೀಟಿ ಅದೇ ಗೋಡೆಯಲ್ಲಿದ್ದರೂ ಅಡ್ಡಿಯಿಲ್ಲ.

ಆಮೇಲೆ ಹೆಸರಿನ ಪ್ರಕರಣ. ನಮ್ಮ ಹಿರಿಯರಿಗೆ ಹೆಸರು ಒಂದೇ ಇದ್ದದ್ದಲ್ಲ. ಪಹಣಿಯಲ್ಲಿ 'ಮಂಜ', ಶಾಲೆಯಲ್ಲಿ 'ಮಂಜುನಾಥ', ಆಧಾರಿನಲ್ಲಿ 'ಮಂಜುನಾಥ ಪೂಜಾರಿ', ಸೊಸೈಟಿಯ ಪಾಸುಪುಸ್ತಕದಲ್ಲಿ ಮನೆಹೆಸರೂ ಸೇರಿ ಇನ್ನೊಂದು. ಹೆಂಗಸರದ್ದಂತೂ ಕೇಳಬೇಡಿ, ತವರಿನ ಪಹಣಿಯಲ್ಲಿ ಶೆಡ್ತಿ, ಗಂಡನ ಮನೆಯ ಕಾಗದದಲ್ಲಿ ಶೆಟ್ಟಿ. ಊರಿಗೆಲ್ಲ ಇವರು ಒಬ್ಬರೇ ಎಂದು ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೆ ಗದ್ದೆಗಳ ಗುರುತೂ ಇಲ್ಲ. ನಾವು ಕಂಬಳಗದ್ದೆ, ಮನೆ ಎದುರಿನ ಗದ್ದೆ, ತೋಡ್ಬದಿ ಗದ್ದೆ ಎನ್ನುತ್ತೇವೆ. ಎಷ್ಟು ದೊಡ್ಡದು ಎಂದರೆ ಮೂರು ಮುಡಿ ಬಿತ್ತುವಷ್ಟು ಎನ್ನುತ್ತೇವೆ. ಅದು ಸರ್ವೆ ನಂಬರು, ಅದರ ಹಿಸ್ಸೆ, ಹಿಸ್ಸೆಯ ಪೈಕಿ ಎಂದು ಕೇಳುತ್ತದೆ. ಬೈಲು, ಮಜಲು, ಬೆಟ್ಟು ಎಂದು ನೀರಿನ ಲೆಕ್ಕದಲ್ಲಿ ನೆಲ ಗುರುತಿಸುತ್ತಿದ್ದವರು ಈಗ ಓರೆಗೆರೆಯ ಕೆಳಗಿನ ಅಂಕೆಗಳನ್ನು ಬಾಯಿಪಾಠ ಮಾಡಬೇಕಾಗಿದೆ.

ಇಷ್ಟೆಲ್ಲ ತಮಾಷೆಯ ನಡುವೆ ನನ್ನ ಕಣ್ಣು ನೆಟ್ಟದ್ದು ಪಹಣಿಯ ಎರಡು ಕಾಲಮ್ಮುಗಳ ಮೇಲೆ. ಒಂಬತ್ತನೇ ಕಾಲಮ್ಮಿನಲ್ಲಿ ಭೂಮಿಯ ಒಡೆಯರ ಹೆಸರು. ಹನ್ನೆರಡನೆಯದರಲ್ಲಿ ಸಾಗುವಳಿ ಮಾಡುವವರ ಹೆಸರು ಮತ್ತು ಬೆಳೆ. ಎಫ್‌ಐಡಿ ಹುಟ್ಟುವುದು ಒಂಬತ್ತರಿಂದ. ಹನ್ನೆರಡರಲ್ಲಿ ಹೆಚ್ಚಿನ ಪಹಣಿಗಳಲ್ಲಿ 'ಸ್ವಂತ' ಎಂದೊಂದು ಮಾತು ಬರೆದಿರುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಎಷ್ಟೋ ಗದ್ದೆಗಳಲ್ಲಿ ಅದು ನಿಜವಲ್ಲ.

ಈ ನೆಲದಲ್ಲಿ ಒಡೆಯ ಒಬ್ಬ, ಉಳುವವ ಇನ್ನೊಬ್ಬ ಎಂಬುದು ನಿನ್ನೆಯ ಕತೆಯಲ್ಲ. 1799ರಲ್ಲಿ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿದಾಗ ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಇಲ್ಲಿಯ ಕಪ್ಪು ಕಡತಗಳನ್ನು ಬಿಡಿಸಿ ನೋಡಿ, ಇಲ್ಲಿ ಭೂಮಿ ಖಾಸಗಿ ಸ್ವತ್ತು ಎಂದು ಮದರಾಸಿಗೆ ಬರೆದ. 1862ರಲ್ಲಿ ಕೆನರಾದ ಉತ್ತರ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋದಾಗ ಕುಂದಾಪುರ ತಾಲೂಕು ಮಾತ್ರ ಮದರಾಸಿನಲ್ಲೇ ಉಳಿಯಿತು. ಶಿರೂರು ದಾಟಿದರೆ ಲೆಕ್ಕಪತ್ರದ ಭಾಷೆಯೇ ಬೇರೆ ಆಯಿತು. ಇತ್ತ ನಮ್ಮಲ್ಲಿ ಮೇಲೆ ವರ್ಗದಾರ, ಅವನ ಕೆಳಗೆ ಮೂಲಗೇಣಿಯವ, ಅವನ ಕೆಳಗೆ ಚಾಲಗೇಣಿಯವ, ಎಲ್ಲರಿಗಿಂತ ಕೆಳಗೆ ಗದ್ದೆಯ ಕೆಸರಲ್ಲಿ ನಿಜವಾಗಿ ಇಳಿದವ. ಈ ಏಣಿಯನ್ನು ಮುರಿದದ್ದು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಕಾಯ್ದೆ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಅದು ತಂದ ಬದಲಾವಣೆ ರಾಜ್ಯದ ಬೇರೆಡೆಗಿಂತ ದೊಡ್ಡದು. ಗೇಣಿ ಗದ್ದೆಯ ಒಡೆತನ ಕೇಳಿ 7ನೇ ನಮೂನೆಯ ಅರ್ಜಿ ಕೊಡುವುದಕ್ಕೆ ನಮ್ಮಲ್ಲಿ ಇವತ್ತಿಗೂ 'ಡಿಕ್ಲರೇಶನ್ ಹಾಕುವುದು' ಎಂದೇ ಹೆಸರು. ಆ ಸಾಲಿನಲ್ಲಿ ನಿಂತ ಒಕ್ಕಲುಗಳು ಒಡೆಯರಾದರು, ಗೇಣಿ ಅಕ್ಕಿಯ ಮುಡಿ ಹೊರುವುದು ನಿಂತಿತು.

ಐವತ್ತು ವರ್ಷ ಕಳೆಯಿತು. ಡಿಕ್ಲರೇಶನ್ ಹಾಕಿದವರ ಮೊಮ್ಮಕ್ಕಳು ಬೆಂಗಳೂರು, ಮುಂಬೈ, ದುಬೈಗಳಲ್ಲಿದ್ದಾರೆ. ಅಜ್ಜಯ್ಯ ಗೆದ್ದ ಗದ್ದೆ ಹಡಿಲು ಬಿದ್ದಿದೆ, ಇಲ್ಲವೆ ನೆರೆಮನೆಯವರು ಮಾಡುತ್ತಾರೆ. ಈ ನೆರೆಮನೆಯವರೇ ಇಂದಿನ ರೈತರು. ತಮ್ಮದು ಇಪ್ಪತ್ತು ಸೆಂಟ್ಸ್, ಬೇರೆಯವರದ್ದು ಮೂರು ಎಕರೆ. ನಾಟಿ ಯಂತ್ರ ತರಿಸುವವರು, ಗಂಟೆಗೆ ಇಷ್ಟೆಂದು ಕೊಟ್ಟು ಕಟಾವು ಯಂತ್ರ ಇಳಿಸುವವರು, ಕಾರ್ತಿ ಬೆಳೆ ಮುಗಿದ ಮೇಲೆ ಉದ್ದು, ನೆಲಗಡಲೆ ಹಾಕುವವರು ಇವರೇ. ಒಡೆಯರಿಗೂ ಇವರಿಗೂ ಇರುವುದು ಬರೀ ಬಾಯಿಮಾತು. ಕಾಗದ ಮಾಡುವ ಹಾಗಿಲ್ಲ, ಯಾಕೆಂದರೆ 1974ರ ನಂತರ ಗೇಣಿಗೆ ಕೊಡುವುದೇ ನಿಷಿದ್ಧ. ಚೀಟಿ ಬರೆದುಕೊಟ್ಟರೆ ಗದ್ದೆ ಹೋದೀತು ಎಂಬ ಭಯ ಒಡೆಯರಿಗೆ. ಗೇಣಿದಾರನಿಗೆ ಭೂಮಿ ಕೊಡಿಸಿದ ಕಾನೂನೇ ಈಗ ಗೇಣಿದಾರನನ್ನು ಕಾಣದಂತೆ ಮಾಡಿದೆ.

ಹಾಗಾಗಿ ಸೀತಾ ನದಿಯ ನೆರೆ ಗದ್ದೆಗೆ ನುಗ್ಗಿ ಪೈರು ಕೊಳೆತರೆ ಪರಿಹಾರ ಹೋಗುವುದು ಒಂಬತ್ತನೇ ಕಾಲಮ್ಮಿನವರ ಖಾತೆಗೆ. ನಷ್ಟ ಹನ್ನೆರಡನೆಯದರಲ್ಲಿ ಇರಬೇಕಾಗಿದ್ದವರಿಗೆ. 2019ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಗೂ ಭೂಮಿಯ ಒಡೆತನವೇ ಅಳತೆ. ಕೋಟದ ಶಿವರಾಮ ಕಾರಂತರ 'ಚೋಮನ ದುಡಿ'ಯ ಚೋಮ ಇವತ್ತು ಕೋಟ ಹೋಬಳಿಯ ಕೇಂದ್ರಕ್ಕೆ ಬಂದರೆ ಅವನಿಗೂ ಎಫ್‌ಐಡಿ ಆಗುವುದಿಲ್ಲ. ಬೆರಳು, ಒಟಿಪಿ ಯಾವುದೂ ಅವನಿಗೆ ತೊಂದರೆ ಕೊಡುವುದಿಲ್ಲ. ಸರ್ವೆ ನಂಬರು ಹೇಳಿ ಎಂಬಲ್ಲಿಗೇ ಮುಗಿಯುತ್ತದೆ.

ದಾರಿ ಇಲ್ಲವೆಂದಲ್ಲ. ಆಂಧ್ರಪ್ರದೇಶ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕಿನ ಕಾಯ್ದೆ ತಂದು, ಉಳುವವರಿಗೆ 11 ತಿಂಗಳ ಮಟ್ಟಿಗೆ ಕಾರ್ಡು ಕೊಡುವ ವ್ಯವಸ್ಥೆ ಮಾಡಿತು. ಒಡೆತನಕ್ಕೆ ಅದರಿಂದ ಧಕ್ಕೆಯಿಲ್ಲ, ಬೆಳೆಯ ಸಾಲ ಮತ್ತು ಪರಿಹಾರ ಬೆಳೆದವರಿಗೆ. ಒಡೆಯರ ಸಹಿ ಬೇಕೆಂಬ ಷರತ್ತಿನಿಂದ ಅಲ್ಲೂ ಬಹಳ ಮಂದಿಗೆ ಸಿಗಲಿಲ್ಲ ಎಂಬುದು ನಿಜ. ಆದರೂ ಉಳುವವ ಎಂಬ ಪ್ರಾಣಿ ಇದ್ದಾನೆ ಎಂದು ಸರ್ಕಾರ ಒಪ್ಪಿಕೊಂಡಿತಲ್ಲ. ಹಡಿಲು ಗದ್ದೆಗಳೇ ಹೆಚ್ಚುತ್ತಿರುವ ನಮ್ಮ ಕರಾವಳಿಗೆ ಅಂಥದ್ದೊಂದು ಬೇಕು. ಬೆಳೆ ಸಮೀಕ್ಷೆಗೆಂದು ಮೊಬೈಲು ಹಿಡಿದು ಗದ್ದೆಯ ಅಂಚಿಗೆ ಬರುವವರು ಪೈರಿನ ಫೋಟೋ ತೆಗೆಯುತ್ತಾರೆ; ಅದರ ಜೊತೆ, ಇದನ್ನು ನೆಟ್ಟವರು ಯಾರು ಎಂದು ಕೇಳಿ ಬರೆದುಕೊಳ್ಳಲು ಎಷ್ಟು ಹೊತ್ತು ಹಿಡಿದೀತು?

ಅದು ಆಗುವವರೆಗೆ ಇರುವ ವ್ಯವಸ್ಥೆಯನ್ನೇ ಸರಿಯಾಗಿ ಬಳಸಿಕೊಳ್ಳಬೇಕು. ಪಹಣಿ ತೆಗೆಸಿ ಒಂಬತ್ತನೇ ಕಾಲಂ ನೋಡಿ. ಅಲ್ಲಿ ತೀರಿಹೋದ ಅಜ್ಜಯ್ಯನ ಹೆಸರೇ ಇದ್ದರೆ ಮೊದಲು ಪೌತಿ ಖಾತೆಗೆ ಅರ್ಜಿ ಕೊಡಿ. ಅದು ಆಗದೆ ಎಫ್‌ಐಡಿಗೆ ಅಲೆದು ಪ್ರಯೋಜನವಿಲ್ಲ. ಒಂದು ತುಂಡು ಬೈಂದೂರಿನಲ್ಲಿ, ಇನ್ನೊಂದು ಬ್ರಹ್ಮಾವರದಲ್ಲಿ ಇದ್ದರೂ ಎಫ್‌ಐಡಿ ಒಂದೇ, ಎಲ್ಲ ಸರ್ವೆ ನಂಬರುಗಳೂ ಅದರೊಳಗೆ ಸೇರಿವೆಯೇ ಎಂದು ಕೇಳಿ ತಿಳಿದುಕೊಳ್ಳಿ. ಆಧಾರಿಗೆ ಜೋಡಿಸಿದ ಮೊಬೈಲು ಕೈಯಲ್ಲಿರಲಿ. ಮತ್ತೆ, ನಿಮ್ಮ ಗದ್ದೆ ಮಾಡುತ್ತಿರುವುದು ಬೇರೆಯವರಾದರೆ, ಬೆಳೆಹಾನಿಯ ಪರಿಹಾರ ನಿಮ್ಮ ಖಾತೆಗೆ ಬಿದ್ದ ದಿನವೇ ಅದನ್ನು ಅವರಿಗೆ ಮುಟ್ಟಿಸಿ.