ಶಾಂಘೈ ಬೀದಿಯಲ್ಲಿ ಹೆಸರಿಲ್ಲದ ಪೇಟದವನು

ಚೀನಾದ ಹಳೇ ಕಾಲದ ಗೂಂಡಾ ಚಿತ್ರ ಅಂದರೆ ಊರು ಒಂದೇ... ಶಾಂಘೈ! ಹ್ಯಾಟು, ಉದ್ದನೆ ನಿಲುವಂಗಿ, ಕ್ಯಾಬರೆ ದೀಪ, ಕತ್ತಲಲ್ಲಿ ಗುಂಡಿನ ಸದ್ದು. ಆದರೆ 1930ರ ದಶಕದ ಆ ಬೀದಿಗಳಲ್ಲಿ ಚೀನೀಯರಷ್ಟೇ ಓಡಾಡುತ್ತಿರಲಿಲ್ಲ. ಬ್ರಿಟಿಷರು, ಫ್ರೆಂಚರು, ಜಪಾನಿಗಳು, ದೇಶ ಬಿಟ್ಟು ಬಂದ ರಷ್ಯನ್ನರು, ಹಿಟ್ಲರನಿಗೆ ಹೆದರಿ ಬಂದ ಯಹೂದಿಗಳು, ಜೊತೆಗೆ ನಮ್ಮ ಪಂಜಾಬಿನ ಸಿಖ್ಖರು! ತೆರೆಯ ಮೇಲೆ ಇವರಿಗೆಲ್ಲ ಜಾಗ ಸಿಕ್ಕಿದೆಯಾ? ಊರು ಸುತ್ತುತ್ತಲೇ ನೋಡೋಣ ಬನ್ನಿ.

ರಸ್ತೆ ದಾಟಿದರೆ ಬಚಾವ್!

ಹ್ವಾಂಗ್‌ಪು ನದಿಯ ದಂಡೆ 'ಬಂಡ್'. ವಿದೇಶಿ ಬ್ಯಾಂಕುಗಳ ಕಲ್ಲುಕಟ್ಟಡಗಳು ಇವತ್ತೂ ಸಾಲಾಗಿ ನಿಂತಿವೆ. ಅಲ್ಲಿಂದ ಒಳಕ್ಕೆ ಹೋಗುವುದು ಯಾನ್‌ಆನ್ ರಸ್ತೆ. ಮೊದಲು ಇದು ಕಾಲುವೆ. ಮುಚ್ಚಿ ರಸ್ತೆ ಮಾಡಿದರು. ಉತ್ತರಕ್ಕೆ ಇಂಟರ್‌ನ್ಯಾಷನಲ್ ಸೆಟ್ಲ್‌ಮೆಂಟು, ದಕ್ಷಿಣಕ್ಕೆ ಫ್ರೆಂಚರ ಆಡಳಿತ. ಎರಡು ಕಾನೂನು, ಎರಡು ಪೊಲೀಸು. ಗೂಂಡಾಗಳಿಗೆ ಇನ್ನೇನು ಬೇಕು? ಫ್ರೆಂಚ್ ಪೊಲೀಸಿನಲ್ಲಿ ಚೀನೀ ಪತ್ತೇದಾರರ ಮುಖ್ಯಸ್ಥನಾಗಿದ್ದ ಹ್ವಾಂಗ್ ಜಿನ್‌ರೋಂಗ್ ತಾನೇ ಗೂಂಡಾಗಳ ದೊರೆ! 1917ರಲ್ಲಿ ಶುರುವಾದ 'ಗ್ರೇಟ್ ವರ್ಲ್ಡ್' ಮನರಂಜನಾ ಭವನ 1931ರಲ್ಲಿ ಅವನ ಕೈಗೆ ಬಂತು. ಕಟ್ಟಡ ಇನ್ನೂ ಇದೆ. 2017ರಲ್ಲಿ ಮತ್ತೆ ಬಾಗಿಲು ತೆರೆಯಿತು.

ಈ ಲೋಕವನ್ನೇ 2016ರಲ್ಲಿ ನಿರ್ದೇಶಕ ಚೆಂಗ್ ಅರ್ 'ದಿ ವೇಸ್ಟೆಡ್ ಟೈಮ್ಸ್' ಚಿತ್ರದಲ್ಲಿ ತಂದರು. ಗೆ ಯೂ ಮಾಡಿದ ಪಾತ್ರಕ್ಕೆ ನಿಜವಾದ ಡಾನ್ ದು ಯೂಶೆಂಗ್‌ನೇ ಮಾದರಿ. ಚಿತ್ರದ ದೊಡ್ಡ ಧೈರ್ಯ ಅಂದರೆ ಮಾತು. ಚೀನಾಕ್ಕೆಲ್ಲ ಅರ್ಥವಾಗುವ ಮ್ಯಾಂಡರಿನ್ ಬಿಟ್ಟು ಶಾಂಘೈನ ಆಡುಮಾತನ್ನೇ ಧಾರಾಳವಾಗಿ ಆಡಿಸಿದ್ದಾರೆ. ಹುಬ್ಬಳ್ಳಿ ದಾದಾನ ಬಾಯಲ್ಲಿ ಹುಬ್ಬಳ್ಳಿ ಮಾತೇ ಬರಬೇಕಲ್ವೇ? ಜಪಾನಿನ ನಟ ತಡನೊಬು ಅಸಾನೊ ಡಾನ್‌ನ ಸೋದರಿಯ ಗಂಡ. ಊರಿನವನೇ ಆಗಿಹೋಗಿದ್ದಾನೆ ಅನ್ನುವಷ್ಟರಲ್ಲಿ... ಅವನು ಗೂಢಚಾರ! ಪರದೇಶದವನಾದರೂ ಅವನಿಗೆ ಹೆಸರಿದೆ, ಸಂಸಾರವಿದೆ, ಗುಟ್ಟಿದೆ.

ಬಾಗಿಲಲ್ಲಿ ನಿಂತವನು

ಈಗ ಬಂಡ್‌ನ ಉತ್ತರ ತುದಿಗೆ ಬನ್ನಿ. ಇಲ್ಲಿರುವ ಉದ್ಯಾನಕ್ಕೆ 1928ರವರೆಗೆ ಚೀನೀಯರಿಗೆ ಪ್ರವೇಶವಿರಲಿಲ್ಲ. 1972ರ 'ಫಿಸ್ಟ್ ಆಫ್ ಫ್ಯೂರಿ'ಯಲ್ಲಿ ಬ್ರೂಸ್ ಲೀ ಒದ್ದು ಪುಡಿ ಮಾಡಿದ ಬೋರ್ಡು ಜ್ಞಾಪಕ ಇದೆಯಾ? ಅದು ಇದೇ ಅವಮಾನದ ಕಥೆ. ಅಲ್ಲಿ ಅವನನ್ನು ತಡೆದು ಬೋರ್ಡು ತೋರಿಸುವವನು ಯಾರು? ಪೇಟ ಸುತ್ತಿದ ಸಿಖ್ ಕಾವಲುಗಾರ. ಅವನಿಗೆ ಹೆಸರಿಲ್ಲ, ಕಥೆಯಿಲ್ಲ.

ಚೀನೀಯರ ಕೋಪ ಸುಳ್ಳಲ್ಲ. 1925ರ ಮೇ 30ರಂದು ನಾನ್‌ಜಿಂಗ್ ರಸ್ತೆಯಲ್ಲಿ ಬ್ರಿಟಿಷ್ ಅಧಿಕಾರಿಯ ಆಜ್ಞೆಯಂತೆ ಜನರ ಮೇಲೆ ಗುಂಡು ಹಾರಿಸಿದವರು ಸಿಖ್ ಮತ್ತು ಚೀನೀ ಪೊಲೀಸರೇ. ಆದರೆ ಅದು ಅರ್ಧ ಕಥೆ. ಕೋವಿ ಹಿಡಿದವನೂ ಗುಲಾಮ ದೇಶದವನೇ! ಇದೇ ಶಾಂಘೈಯಲ್ಲಿ ಬ್ರಿಟಿಷರ ವಿರುದ್ಧ ಗದರ್ ಚಳವಳಿಯೂ ಬೇರುಬಿಟ್ಟಿತ್ತು. 1927ರಲ್ಲಿ ಪೊಲೀಸ್ ಜಮಾದಾರ್ ಬುದ್ಧ ಸಿಂಗ್‌ನನ್ನು ಗುಂಡಿಟ್ಟು ಕೊಂದವನು ಇನ್ನೊಬ್ಬ ಸಿಖ್. ಒಂದೇ ನಾಡಿನವರು, ಒಂದೇ ಗುರುದ್ವಾರ, ಎದುರುಬದುರು ನಿಂತ ಪಿಸ್ತೂಲು... 1908ರ ಆ ಗುರುದ್ವಾರದ ಕಟ್ಟಡ ಡೋಂಗ್‌ಬಾವೊಶಿಂಗ್ ರಸ್ತೆಯಲ್ಲಿ ಇನ್ನೂ ಇದೆ.

ಪೇಟ ಕಂಡ ಮಾತ್ರಕ್ಕೆ ಆ ಜನ ತೆರೆಗೆ ಬಂದ ಹಾಗಾಗಲ್ಲ. ಬೋರ್ಡು ಒಡೆದವನಿಗೆ ಶಿಳ್ಳೆ ಹೊಡೆದಾಯ್ತು. ಬೋರ್ಡಿನ ಪಕ್ಕ ನಿಂತವನ ಕಥೆಯನ್ನೂ ಯಾರಾದರೂ ತೆಗೆಯಲಿ. ಮೊದಲ ಆಟಕ್ಕೆ ನನ್ನದೊಂದು ಟಿಕೆಟ್ಟು!